ಎಫ್‌ಎಂಜಿಇ ಓದುವ ಮೊದಲು ನಮ್ಮ ಸೀಮೆಯ ರೋಗಿಯನ್ನು ನೋಡಿ

ನೀರಮಾನ್ವಿ ಯಲ್ಲಮ್ಮನ ಜಾತ್ರೆಗೆ ಬಂದ ಬೀಗರು ಊಟಕ್ಕೆ ಕೂತಾಗ ಕೇಳಿಯೇ ಕೇಳುತ್ತಾರೆ: “ನಿಮ್ಮ ಹುಡುಗ ಡಾಕ್ಟರ್ ಕಲ್ತು ಬಂದಾನಂತಲ್ಲ, ಮತ್ತ ಇನ್ನಾ ಯಾಕ ದವಾಖಾನಿ ಹಾಕಿಲ್ಲ?” ಅಪ್ಪ ಏನೋ ಒಂದು ಹೇಳಿ ಮಾತು ಮರೆಸುತ್ತಾನೆ. ಹುಡುಗ ಒಳಕೋಣೆಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತಾನೆ. ಬಿಷ್ಕೆಕ್‌ನಲ್ಲೋ ತ್ಬಿಲಿಸಿಯಲ್ಲೋ ಮನಿಲಾದಲ್ಲೋ ಐದಾರು ವರ್ಷ ಓದಿ ತಂದ ಪದವಿ ಪೆಟ್ಟಿಗೆಯಲ್ಲಿದೆ. ಆದರೆ ಈ ದೇಶದಲ್ಲಿ ಜ್ವರಕ್ಕೊಂದು ಮಾತ್ರೆ ಬರೆದುಕೊಡುವ ಅಧಿಕಾರ ಇನ್ನೂ ಸಿಕ್ಕಿಲ್ಲ. ಈ ಲೇಖನ ಆ ಒಳಕೋಣೆಯಲ್ಲಿ ಕೂತವರಿಗೆ. ಬೀಗರಿಗೆ ಉತ್ತರ ಹೇಳಬೇಕಾದ ಅಪ್ಪ-ಅವ್ವನೂ ಓದಿದರೆ ಒಳ್ಳೆಯದು.

ನಡುವೆ ನಿಂತಿರುವ ಪರೀಕ್ಷೆಯ ಹೆಸರು ಫಾರಿನ್ ಮೆಡಿಕಲ್ ಗ್ರ್ಯಾಜುಯೇಟ್ ಎಕ್ಸಾಮಿನೇಷನ್, ಎಲ್ಲರ ಬಾಯಲ್ಲೂ ಎಫ್‌ಎಂಜಿಇ. 2001ರಲ್ಲಿ ವೈದ್ಯಕೀಯ ಪರಿಷತ್ತಿನ ಕಾಯ್ದೆಗೆ ತಿದ್ದುಪಡಿ ತಂದು, 2002ರಿಂದ ಇದನ್ನು ನಡೆಸಲಾಗುತ್ತಿದೆ. ಆ ಮೊದಲು ವಿದೇಶದ ಪದವಿ ತಂದವರ ಗುಣಮಟ್ಟ ಅಳೆಯಲು ದೇಶಕ್ಕೆಲ್ಲ ಒಂದೇ ಅಳತೆ ಇರಲಿಲ್ಲ. ಪರೀಕ್ಷೆ ನಡೆಸುವುದು ದಿಲ್ಲಿಯ ರಾಷ್ಟ್ರೀಯ ಪರೀಕ್ಷಾ ಮಂಡಳಿ, ಅಂದರೆ ಎನ್‌ಬಿಇಎಂಎಸ್. ವರ್ಷಕ್ಕೆ ಎರಡು ಸರದಿ, ಜೂನ್ ಮತ್ತು ಡಿಸೆಂಬರ್. ಡಿಸೆಂಬರಿನದು ಎಷ್ಟೋ ಸಲ ಜನವರಿಗೆ ಸರಿಯುತ್ತದೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಅಲ್ಲಿ ವೈದ್ಯರಾಗಿ ನೋಂದಾಯಿಸಿಕೊಂಡವರಿಗೆ ವಿನಾಯಿತಿ ಇದೆ. ನಮ್ಮ ಕಡೆಯ ಮಕ್ಕಳು ಹೋಗುವುದು ಆ ದೇಶಗಳಿಗಲ್ಲ, ಆದ್ದರಿಂದ ಆ ವಿಷಯ ಬಿಡೋಣ.

ನಮ್ಮವರು ಯಾಕೆ ಅಷ್ಟು ದೂರ ಹೋಗುತ್ತಾರೆ ಎಂಬುದು ಇಡೀ ಕರ್ನಾಟಕಕ್ಕೆ ಗೊತ್ತಾದದ್ದು ಒಂದು ಸಾವಿನಿಂದ. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ದಿನಸಿ ತರಲು ಹೊರಗೆ ಹೋಗಿದ್ದ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗ ಅಲ್ಲಿಗೆ ಯಾಕೆ ಹೋಗಬೇಕಾಯಿತು ಎಂದು ಅವನ ತಂದೆ ಕೇಳಿದ ಪ್ರಶ್ನೆಗೆ ನಮ್ಮ ಸೀಮೆಯ ಪ್ರತಿ ಮನೆಯಲ್ಲೂ ಉತ್ತರವಿದೆ: ಸರ್ಕಾರಿ ಸೀಟಿಗೆ ರ್ಯಾಂಕ್ ಸಾಲದು, ಖಾಸಗಿ ಸೀಟಿಗೆ ದುಡ್ಡು ಸಾಲದು. ಕಲ್ಯಾಣ ಕರ್ನಾಟಕಕ್ಕೆ 371ಜೆ ಮೀಸಲಾತಿ ಇದೆ, ರಾಯಚೂರಿನಲ್ಲೇ ರಿಮ್ಸ್ ಇದೆ, ನವೋದಯ ವೈದ್ಯಕೀಯ ಕಾಲೇಜು ಇದೆ, ಏಮ್ಸ್ ಬೇಕೆಂದು 2022ರಲ್ಲಿ ಶುರುವಾದ ಧರಣಿಯೂ ಇದೆ. ಇಷ್ಟಿದ್ದೂ ಸೀಟು ಕಡಿಮೆ, ಕೇಳುವವರು ಹೆಚ್ಚು.

ಇನ್ನು ಪ್ರಶ್ನೆಪತ್ರಿಕೆ. ಒಂದೇ ದಿನ, ಕಂಪ್ಯೂಟರಿನ ಮುಂದೆ, 300 ಪ್ರಶ್ನೆ. ಬೆಳಿಗ್ಗೆ 150, ಮಧ್ಯಾಹ್ನ 150, ತಲಾ ಎರಡೂವರೆ ಗಂಟೆ. ಅಂದರೆ ಪ್ರಶ್ನೆಗೆ ಒಂದು ನಿಮಿಷ. ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ಸರಿ ಉತ್ತರ ಒಂದೇ. ತಪ್ಪಾದರೆ ಅಂಕ ಕಳೆಯುವುದಿಲ್ಲ. 150 ಬಂದರೆ ಪಾಸು, 149 ಬಂದರೆ ಫೇಲು. ರ್ಯಾಂಕ್ ಇಲ್ಲ. ಎಷ್ಟು ಸಲ ಬೇಕಾದರೂ ಬರೆಯಬಹುದು. ಭಾಷೆ ಇಂಗ್ಲಿಷ್ ಮಾತ್ರ.

ಅರ್ಧದಷ್ಟು ಅಂಕ ಸಾಕು ಎಂದ ಕೂಡಲೇ ಹಗುರ ಅನ್ನಿಸುತ್ತದೆ. ಹಗುರವಲ್ಲ. ಈಚಿನ ವರ್ಷಗಳಲ್ಲಿ ಬರೆದವರಲ್ಲಿ ಮೂವರಲ್ಲಿ ಒಬ್ಬರು ಪಾಸಾದ ಸರದಿ ಸಿಗುವುದೇ ಕಷ್ಟ. ಕೆಲವು ಸರದಿಗಳಲ್ಲಿ ಐವರಲ್ಲಿ ಒಬ್ಬರೂ ದಾಟಿಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಫೇಲಾದವರೆಲ್ಲ ದಡ್ಡರಲ್ಲ. ಅವರಲ್ಲಿ ಬಹಳ ಜನ ಓದಿದ್ದಾರೆ, ಆದರೆ ಓದಬೇಕಾದ ಕಡೆಯಿಂದ ಓದಿಲ್ಲ ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ಲೆಕ್ಕ ಮಾಡಬೇಕು.

ಹತ್ತೊಂಬತ್ತು ಸಬ್ಜೆಕ್ಟ್ ಎಂದು ನೀವು ಕೇಳಿರುತ್ತೀರಿ. ಮಂಡಳಿಯ ಮಾಹಿತಿ ಪುಸ್ತಿಕೆಯಲ್ಲಿ ಯಾವುದಕ್ಕೆ ಎಷ್ಟು ಪ್ರಶ್ನೆ ಎಂಬ ಪಟ್ಟಿ ಇದೆ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಗೆ ತಲಾ 17. ಪೆಥಾಲಜಿ, ಮೈಕ್ರೊಬಯಾಲಜಿ, ಫಾರ್ಮಕಾಲಜಿಗೆ ತಲಾ 13. ಫೊರೆನ್ಸಿಕ್‌ಗೆ 10. ಇಲ್ಲಿಗೆ ನೂರು ಮುಗಿಯಿತು. ಉಳಿದ ಇನ್ನೂರು ರೋಗಿಯ ಹಾಸಿಗೆಯ ಹತ್ತಿರದ ವಿಷಯಗಳಿಗೆ: ಮೆಡಿಸಿನ್ 33, ಅದರ ಜೊತೆಗೆ ಸೈಕಿಯಾಟ್ರಿ, ಚರ್ಮರೋಗ, ರೇಡಿಯೊಥೆರಪಿ ತಲಾ 5. ಸರ್ಜರಿ 32, ಅದರ ಜೊತೆಗೆ ಮೂಳೆ, ಅನಸ್ತೀಸಿಯಾ, ರೇಡಿಯಾಲಜಿ ತಲಾ 5. ಮಕ್ಕಳ ವಿಭಾಗ, ಕಣ್ಣು, ಇಎನ್‌ಟಿ ತಲಾ 15. ಹೆರಿಗೆ ಮತ್ತು ಸ್ತ್ರೀರೋಗಕ್ಕೆ 30, ಕಮ್ಯುನಿಟಿ ಮೆಡಿಸಿನ್‌ಗೆ 30.

ಈಗ ಮೆಡಿಸಿನ್ ಗುಂಪಿನ 48, ಸರ್ಜರಿ ಗುಂಪಿನ 47, ಹೆರಿಗೆಯ 30, ಕಮ್ಯುನಿಟಿ ಮೆಡಿಸಿನ್‌ನ 30, ಇಷ್ಟನ್ನೇ ಕೂಡಿಸಿ. 155. ಪಾಸಿಗೆ ಬೇಕಾದದ್ದಕ್ಕಿಂತ ಐದು ಹೆಚ್ಚು. ಇವುಗಳಲ್ಲಿ ಯಾರೂ ನೂರಕ್ಕೆ ನೂರು ತೆಗೆಯುವುದಿಲ್ಲ, ನಿಜ. ಆದರೂ ಭಾರ ಎಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತದಲ್ಲ?

ಹೊಸಬರು ಮಾಡುವುದು ಇದಕ್ಕೆ ಉಲ್ಟಾ. ಮೊದಲ ವರ್ಷದ ಪುಸ್ತಕದಿಂದ ಶುರು ಮಾಡುತ್ತಾರೆ. ಭುಜದ ನರಜಾಲದ ಚಿತ್ರ ಬರೆದು ಬರೆದು ಒಂದು ತಿಂಗಳು, ಕ್ರೆಬ್ಸ್ ಚಕ್ರದಲ್ಲಿ ಸುತ್ತಿ ಇನ್ನೊಂದು ತಿಂಗಳು. ತುಂಗಭದ್ರಾ ಎಡದಂಡೆ ಕಾಲುವೆಯ ಕಥೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ: ಮೇಲ್ಭಾಗದವರು ಭತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಮಾನ್ವಿ, ಸಿರವಾರ, ರಾಯಚೂರಿನ ಕೊನೆ ಭಾಗದ ಹೊಲ ಒಣಗುತ್ತದೆ. ಓದಿನ ಸಮಯವೂ ಹಾಗೆಯೇ ಮೇಲ್ಭಾಗದಲ್ಲಿ ಖರ್ಚಾಗಿ, ಮೂವತ್ತು ಅಂಕದ ಹೆರಿಗೆ ವಿಭಾಗಕ್ಕೂ ಮೂವತ್ತು ಅಂಕದ ಕಮ್ಯುನಿಟಿ ಮೆಡಿಸಿನ್‌ಗೂ ಪರೀಕ್ಷೆಯ ಹಿಂದಿನ ವಾರ ಮಾತ್ರ ಉಳಿಯುತ್ತದೆ. ಕೊನೆ ಭಾಗದಿಂದ ನೀರು ಬಿಡಿ. ಅನಾಟಮಿಯನ್ನು ಸರ್ಜರಿಯ ಜೊತೆಗೆ, ಫಾರ್ಮಕಾಲಜಿಯನ್ನು ಮೆಡಿಸಿನ್ ಜೊತೆಗೆ ಓದಿದರೆ ಎರಡೂ ನೆನಪಿನಲ್ಲಿ ನಿಲ್ಲುತ್ತವೆ.

ನನಗೆ ಹೇಳಲಿಕ್ಕಿರುವ ಮುಖ್ಯ ಮಾತು ಇನ್ನು ಮುಂದೆ ಇದೆ. ಈ ಪರೀಕ್ಷೆ ಹುಡುಕುತ್ತಿರುವುದು ಹೃದಯ ಕಸಿ ಮಾಡುವ ತಜ್ಞನನ್ನಲ್ಲ. ತಾಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಒಬ್ಬನೇ ಕೂತಿರುವಾಗ ಬಾಗಿಲಿಗೆ ಬಂದ ಯಾವ ರೋಗಿಯನ್ನಾದರೂ ಮೊದಲ ಒಂದು ಗಂಟೆ ಸಂಭಾಳಿಸಬಲ್ಲ ವೈದ್ಯನನ್ನು. ಆ ರೋಗಿ ಬಿಷ್ಕೆಕ್ಕಿನವನಲ್ಲ, ನಮ್ಮವನು. ಚಳಿ ದೇಶದ ಆಸ್ಪತ್ರೆಯಲ್ಲಿ ನೀವು ನೋಡದೇ ಇದ್ದ, ಆದರೆ ಮಾನ್ವಿ ತಾಲೂಕಿನಲ್ಲಿ ಹುಟ್ಟಿ ಬೆಳೆದವರಾಗಿ ನಿಮಗೆ ಮೊದಲೇ ಗೊತ್ತಿರುವ ಕಾಯಿಲೆಗಳು ಪ್ರಶ್ನೆಯಾಗಿ ಬರುತ್ತವೆ.

ಹತ್ತಿ, ಮೆಣಸಿನಕಾಯಿ, ಭತ್ತದ ಹೊಲಗಳ ಸೀಮೆ ನಮ್ಮದು. ಎಣ್ಣೆ ಹೊಡೆಯುವುದು ಅಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಪ್ರಶ್ನೆ ಹೀಗಿರುತ್ತದೆ: ಹೊಲದಿಂದ ಹೊತ್ತು ತಂದ ಮೂವತ್ತೈದರ ರೈತ, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಪಾಪೆ ಸೂಜಿಮೊನೆಯಷ್ಟು ಚಿಕ್ಕದು, ಎದೆಯಲ್ಲಿ ಗೊರಗೊರ ಸದ್ದು. ಆರ್ಗನೊಫಾಸ್ಫರಸ್ ವಿಷ ಎಂದು ನೀವು ಕೂಡಲೇ ಹೇಳುತ್ತೀರಿ. ಔಷಧ ಅಟ್ರೊಪಿನ್ ಎಂದೂ ಹೇಳುತ್ತೀರಿ. ಪರೀಕ್ಷಕ ಅಲ್ಲಿಗೆ ನಿಲ್ಲುವುದಿಲ್ಲ. ಅಟ್ರೊಪಿನ್ ಸಾಕಷ್ಟು ಆಯಿತೆಂದು ಯಾವುದನ್ನು ನೋಡಿ ತಿಳಿಯುತ್ತೀರಿ ಎಂದು ಕೇಳುತ್ತಾನೆ. ಪಾಪೆ ಎಂದು ಗುರುತು ಹಾಕಿದವರ ಅಂಕ ಹೋಯಿತು. ಎದೆಯ ಸದ್ದು ನಿಂತು ಶ್ವಾಸಕೋಶ ಒಣಗುವುದು, ನಾಡಿ ಮತ್ತು ರಕ್ತದೊತ್ತಡ ಏರುವುದು, ಇವು ಮುಖ್ಯ. ಆಮೇಲೆ ಪ್ರಾಲಿಡಾಕ್ಸಿಮ್ ಎಲ್ಲಿ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಬಂದರೆ ಅದು ಫಾರ್ಮಕಾಲಜಿ. ಕಿಣ್ವದ ಹೆಸರು ಕೇಳಿದರೆ ಬಯೋಕೆಮಿಸ್ಟ್ರಿ. ಸತ್ತವನ ಹೊಟ್ಟೆಯಲ್ಲಿದ್ದುದನ್ನು ಯಾವುದರಲ್ಲಿ ಕಾಪಿಟ್ಟು ಕಳಿಸಬೇಕೆಂದು ಕೇಳಿದರೆ ಫೊರೆನ್ಸಿಕ್. ಒಬ್ಬನೇ ರೈತ, ನಾಲ್ಕು ಸಬ್ಜೆಕ್ಟ್. ನಾನು ಹೇಳುವ ಓದಿನ ಕ್ರಮ ಇದೇ.

ಹಾವಿನ ಕಡಿತ ಇನ್ನೊಂದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕನ್ನು ಹೆಸರು ಹಿಡಿದು ಬೇರೆ ಮಾಡಲು ಕಲಿಯಿರಿ. ರಾತ್ರಿ ನೆಲದ ಮೇಲೆ ಮಲಗಿದ್ದವನಿಗೆ ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುತ್ತಿದೆ, ಕಚ್ಚಿದ ಗುರುತೇ ಇಲ್ಲ ಎಂದರೆ ಕಟ್ಟುಹಾವು. ಕಾಲು ಊದಿ, ಒಸಡಿನಲ್ಲಿ ರಕ್ತ ಒಸರಿ, ಮೂತ್ರ ನಿಂತಿದೆ ಎಂದರೆ ಕೊಳಕುಮಂಡಲ. ಒಣ ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟಿದೆಯೇ ನೋಡುವ ಪರೀಕ್ಷೆ ತಾಲೂಕು ಆಸ್ಪತ್ರೆಯಲ್ಲೂ ಸಾಧ್ಯ, ಪ್ರಶ್ನೆಪತ್ರಿಕೆಗೂ ಪ್ರೀತಿ. ಮಕ್ಕಳಿಗೂ ದೊಡ್ಡವರಿಗೂ ವಿಷನಿರೋಧಕ ಔಷಧದ ಪ್ರಮಾಣ ಒಂದೇ, ಯಾಕೆಂದರೆ ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಇದೂ ತಿಳಿದಿರಲಿ.

ನೀರಿನ ವಿಷಯಕ್ಕೆ ಬನ್ನಿ. ರಾಯಚೂರು ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡ್ ಹೊಸ ಸುದ್ದಿಯಲ್ಲ. ಹಲ್ಲಿನ ಮೇಲೆ ಕಂದು ಪಟ್ಟೆ, ಸೊಟ್ಟಗಾದ ಮೊಣಕಾಲು, ಬಗ್ಗದ ಬೆನ್ನು ನೀವು ಶಾಲೆಯಲ್ಲಿದ್ದಾಗಲೇ ನೋಡಿದ್ದೀರಿ. ಲೀಟರಿಗೆ ಒಂದು ಮಿಲಿಗ್ರಾಂ ಅಪೇಕ್ಷಿತ ಮಿತಿ, ಬೇರೆ ನೀರೇ ಇಲ್ಲದಾಗ ಒಂದೂವರೆಯವರೆಗೆ ಸಹಿಸಬಹುದು. ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಬಳಸಿ ಫ್ಲೋರೈಡ್ ತೆಗೆಯುವ ವಿಧಾನಕ್ಕೆ ತೆಲಂಗಾಣದ ನಲಗೊಂಡದ ಹೆಸರಿದೆ, ಅದು ವರ್ಷ ಬಿಟ್ಟು ವರ್ಷ ಕೇಳುವ ಪ್ರಶ್ನೆ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಹಲವರು ಸತ್ತು, ಬಹಳ ಜನ ಆಸ್ಪತ್ರೆ ಸೇರಿದ್ದು ನೆನಪಿದೆಯಲ್ಲವೆ? ಆ ಒಂದು ಘಟನೆಯನ್ನು ಮುಂದಿಟ್ಟುಕೊಂಡು ಎಷ್ಟು ಓದಬಹುದು ನೋಡಿ. ಕ್ಲೋರಿನ್ ಬೆರೆಸಿ ಒಂದು ಗಂಟೆಯ ನಂತರ ನೀರಿನಲ್ಲಿ ಉಳಿಯಬೇಕಾದದ್ದು ಲೀಟರಿಗೆ 0.5 ಮಿಲಿಗ್ರಾಂ. ಓಆರ್‌ಎಸ್‌ನ ಒಟ್ಟು ಆಸ್ಮೊಲಾರಿಟಿ 245, ಅದರಲ್ಲಿ ಸೋಡಿಯಂ 75. ಭೇದಿಯಾದ ಮಗು ಎಷ್ಟು ಒಣಗಿದೆ ಎಂದು ಚರ್ಮ ಹಿಡಿದು, ಕಣ್ಣು ನೋಡಿ ಹೇಳುವುದು ಮಕ್ಕಳ ವಿಭಾಗ. ಕಾಲರಾದ ವಿಷ ಕರುಳಿನಲ್ಲಿ ಏನು ಮಾಡುತ್ತದೆ ಎಂಬುದು ಮೈಕ್ರೊಬಯಾಲಜಿ. ಪಾಠ ನಮ್ಮ ಓಣಿಯಲ್ಲೇ ನಡೆದುಹೋಗಿದೆ.

ಕಮ್ಯುನಿಟಿ ಮೆಡಿಸಿನ್ ಬಗ್ಗೆ ಇನ್ನಷ್ಟು ಹೇಳದೆ ಬಿಡಲಾರೆ, ಏಕೆಂದರೆ ವಿದೇಶದಲ್ಲಿ ಓದಿದವರಿಗೆ ದೊಡ್ಡ ಗುಂಡಿ ಇರುವುದು ಇಲ್ಲೇ. ಅಲ್ಲಿನ ಕಾಲೇಜು ಭಾರತದ ರಾಷ್ಟ್ರೀಯ ಕಾರ್ಯಕ್ರಮಗಳನ್ನು ಯಾಕೆ ಕಲಿಸೀತು? ಅಲ್ಲಿನ ಲಸಿಕೆ ಪಟ್ಟಿ ಬೇರೆ, ಕ್ಷಯದ ವ್ಯವಸ್ಥೆ ಬೇರೆ, ಆರೋಗ್ಯ ಕೇಂದ್ರಗಳ ಶ್ರೇಣಿ ಬೇರೆ. ಪಾರ್ಕ್ ಅವರ ದಪ್ಪ ಪುಸ್ತಕ ನೋಡಿ ಹೆದರುವ ಮೊದಲು ಮನೆಯಲ್ಲಿರುವ ವೈನಿಯನ್ನೋ ಅಕ್ಕನನ್ನೋ ಕೇಳಿ ಅವರ ತಾಯಿ ಕಾರ್ಡ್ ತೆಗೆಸಿ ಓದಿ. ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ. ಆರು, ಹತ್ತು, ಹದಿನಾಲ್ಕನೇ ವಾರ ಏನೇನು, ಒಂಬತ್ತನೇ ತಿಂಗಳು ಏನು, ಎಲ್ಲ ಅದರಲ್ಲಿದೆ. ಗರ್ಭಿಣಿಗೆ ದಿನಕ್ಕೊಂದರಂತೆ 180 ದಿನ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತೀವ್ರ. ಲಸಿಕೆ ಹಾಕುವ ದಿನ ಅಂಗನವಾಡಿಗೆ ಹೋಗಿ ಆಶಾ ಕಾರ್ಯಕರ್ತೆಯ ಪಕ್ಕ ಒಂದು ಮುಂಜಾನೆ ಕೂತುಬನ್ನಿ. ಸಾವಿರ ಜನಕ್ಕೆ ಒಬ್ಬ ಆಶಾ, ಬಯಲು ಸೀಮೆಯಲ್ಲಿ ಐದು ಸಾವಿರಕ್ಕೊಂದು ಉಪಕೇಂದ್ರ, ಮೂವತ್ತು ಸಾವಿರಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೊಂದು ಸಮುದಾಯ ಆರೋಗ್ಯ ಕೇಂದ್ರ ಎಂಬ ಕೋಷ್ಟಕ ಆಮೇಲೆ ಉರು ಹೊಡೆಯಬೇಕಾಗುವುದಿಲ್ಲ. ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು, ತೂಕ ನೋಡಿ ದಿನವೂ. ಹಳೆಯ ನೋಟ್ಸ್‌ನಲ್ಲಿ ದಿನ ಬಿಟ್ಟು ದಿನ ಎಂದಿದ್ದರೆ ಆ ನೋಟ್ಸ್ ಬಿಸಾಕಿ.

ಹಳೆಯ ನೋಟ್ಸ್ ಎಂದಾಗ ಫೊರೆನ್ಸಿಕ್ ನೆನಪಾಗುತ್ತದೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಿರ್ಲಕ್ಷ್ಯದಿಂದಾದ ಸಾವಿಗೆ ಇದ್ದ 304ಎ ಈಗ 106, ಗಂಭೀರ ಗಾಯದ ವ್ಯಾಖ್ಯೆ 320ರಿಂದ 116ಕ್ಕೆ ಬಂದಿದೆ. ಪೊಲೀಸ್ ಪಂಚನಾಮೆಗೆ ಸಿಆರ್‌ಪಿಸಿಯಲ್ಲಿದ್ದ 174 ಈಗ ನಾಗರಿಕ ಸುರಕ್ಷಾ ಸಂಹಿತೆಯ 194. ಸೀನಿಯರ್‌ಗಳು ಕೊಟ್ಟ ಪಿಡಿಎಫ್ ಎಷ್ಟೇ ಚೆಂದ ಇರಲಿ, ಇಸವಿ ನೋಡದೆ ಓದಬೇಡಿ. ಹತ್ತು ಅಂಕ ಒಂದು ವಾರದಲ್ಲಿ ಕೈಗೆ ಸಿಗುವ ವಿಷಯವಿದು.

ಭಾಷೆಯ ತೊಡಕನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಪಿಯುಸಿಯಲ್ಲಿ ಇಂಗ್ಲಿಷಿಗೆ ಬಿದ್ದಳು. ವಿದೇಶದಲ್ಲಿ ಪಾಠ ಇಂಗ್ಲಿಷ್, ವಾರ್ಡಿನ ರೋಗಿ ರಷ್ಯನ್. ರೋಗಿಯ ಕಥೆ ಕೇಳುವ ಭಾಗ, ಅಂದರೆ ವೈದ್ಯಕೀಯದ ಅರ್ಧ ಭಾಗ, ಸನ್ನೆಯಲ್ಲೇ ಮುಗಿಯಿತು. ಈಗ ಪರೀಕ್ಷೆಯಲ್ಲಿ ಆರು ಸಾಲಿನ ಇಂಗ್ಲಿಷ್ ಕಥೆ, ಒಂದು ನಿಮಿಷ. ಇದಕ್ಕೆ ನಾನು ಸೂಚಿಸುವ ಅಭ್ಯಾಸ ಸರಳ: ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದಿ, ಏನು ಕೇಳಿದ್ದಾರೆ ಎಂದು ತಿಳಿದುಕೊಳ್ಳಿ. ಆಮೇಲೆ ಮೇಲಿನಿಂದ ಓದುತ್ತ ವಯಸ್ಸು, ಎಷ್ಟು ದಿನದಿಂದ, ಮುಖ್ಯ ತೊಂದರೆ ಇವಿಷ್ಟನ್ನು ಮನಸ್ಸಿನಲ್ಲೇ ನಮ್ಮ ಮಾತಿನಲ್ಲಿ ಹೇಳಿಕೊಳ್ಳಿ. “ಮುದುಕ, ಮೂರು ತಿಂಗಳಿಂದ ನುಂಗಾಕ ಬರವಲ್ದು, ಮೊದಲ ರೊಟ್ಟಿ, ಈಗ ಅಂಬಲೀನೂ ಇಳಿಯವಲ್ದು” ಎಂದುಕೊಂಡ ಕ್ಷಣ ಅನ್ನನಾಳದ ಕ್ಯಾನ್ಸರ್ ಎದುರಿಗೆ ನಿಂತಿರುತ್ತದೆ. ಹಾಗೆ ಮನಸ್ಸಿನಲ್ಲಿ ನಮ್ಮ ಮಾತಿಗೆ ತಿರುಗಿಸಿಕೊಂಡರೆ ಓದು ನಿಧಾನವಾಗುತ್ತದೆ ಎಂದು ಕೋಚಿಂಗ್‌ನವರು ಹೇಳಬಹುದು. ಮೊದಲ ತಿಂಗಳು ನಿಧಾನವಾಗುತ್ತದೆ, ಆಮೇಲೆ ಇಲ್ಲ.

ಕೋಚಿಂಗ್ ಬೇಕೇ? ಹೈದರಾಬಾದಿಗೋ ದಿಲ್ಲಿಗೋ ಹೋಗಿ ಹಾಸ್ಟೆಲ್ ಹಿಡಿಯುವ ಶಕ್ತಿ ಇದ್ದವರು ಹೋಗಲಿ, ಜೊತೆಗಾರರು ಸಿಗುತ್ತಾರೆ, ದಿನಚರಿ ಕೂಡುತ್ತದೆ. ಮನೆಯಲ್ಲೇ ಇದ್ದು ಮೊಬೈಲ್ ಆ್ಯಪ್ ನಂಬಿದವರಿಗೂ ದಾರಿ ಇದೆ. ಎರಡರಲ್ಲೂ ಅಪಾಯ ಒಂದೇ: ವಿಡಿಯೊ ನೋಡುವುದನ್ನೇ ಓದು ಎಂದು ತಿಳಿಯುವುದು. ಎರಡು ಪಟ್ಟು ವೇಗದಲ್ಲಿ ಮೇಷ್ಟ್ರ ಮಾತು ಕೇಳುತ್ತಿದ್ದರೆ ಎಲ್ಲ ತಿಳಿದಂತೆಯೇ ಇರುತ್ತದೆ. ಪುಸ್ತಕ ಮುಚ್ಚಿ ಪ್ರಶ್ನೆ ಬಿಡಿಸಲು ಕೂತಾಗ ಬಣ್ಣ ಬಯಲಾಗುತ್ತದೆ. ದಿನಕ್ಕೆ ಎಷ್ಟು ಗಂಟೆ ಓದಿದೆ ಎಂದು ಬರೆದಿಡಬೇಡಿ. ಎಷ್ಟು ಪ್ರಶ್ನೆ ಬಿಡಿಸಿದೆ, ತಪ್ಪಾದದ್ದು ಯಾಕೆ ತಪ್ಪಾಯಿತು ಎಂದು ಬರೆದಿಡಿ. ಆ ತಪ್ಪುಗಳ ನೋಟುಬುಕ್ಕೇ ಕೊನೆಯ ತಿಂಗಳ ಪಠ್ಯ. ಹಳೆಯ ವರ್ಷಗಳ ಪ್ರಶ್ನೆಗಳನ್ನು ಮೊದಲ ವಾರದಿಂದಲೇ ಮುಟ್ಟಿ. ಓದೆಲ್ಲ ಮುಗಿದ ಮೇಲೆ ಬಿಡಿಸುತ್ತೇನೆ ಎನ್ನುವವರಿಗೆ ಆ ಮುಗಿಯುವ ದಿನ ಬರುವುದೇ ಇಲ್ಲ. ಕೊನೆಯ ಎರಡು ತಿಂಗಳಲ್ಲಿ ವಾರಕ್ಕೊಂದು ಗ್ರ್ಯಾಂಡ್ ಟೆಸ್ಟ್, ಬೆಳಿಗ್ಗೆ 150, ಮಧ್ಯಾಹ್ನ 150, ನಡುವೆ ಊಟ, ಪರೀಕ್ಷೆಯ ದಿನ ಹೇಗಿರುತ್ತದೋ ಹಾಗೆ. ಕರೆಂಟ್ ಹೋದರೂ ಏಳಬೇಡಿ.

ನೆಗೆಟಿವ್ ಅಂಕ ಇಲ್ಲ ಎಂದೆ. ಅದರ ಬೆಲೆ ಎಷ್ಟು ಎಂದು ಲೆಕ್ಕ ಹಾಕೋಣ. 300ರಲ್ಲಿ 90 ಪ್ರಶ್ನೆ ನಿಮಗೆ ಖಚಿತವಾಗಿ ಗೊತ್ತು. 120ರಲ್ಲಿ ನಾಲ್ಕು ಆಯ್ಕೆಗಳ ಪೈಕಿ ಎರಡನ್ನು ತೆಗೆದುಹಾಕಬಲ್ಲಿರಿ, ಉಳಿದ ಎರಡರ ನಡುವೆ ತೂಗಾಟ. ಇನ್ನು 90 ಏನೂ ಗೊತ್ತಿಲ್ಲ. ಸರಾಸರಿ ಹಿಡಿದರೆ 90, ಅದಕ್ಕೆ 60, ಅದಕ್ಕೆ ಸುಮಾರು 22, ಒಟ್ಟು 172. ಪಾಸು. ಹಾಗಾಗಿ ನಿಮ್ಮ ಶ್ರಮವೆಲ್ಲ ಆ ನಡುವಿನ 120ರ ಮೇಲಿರಲಿ. ಪ್ರತಿ ವಿಷಯವನ್ನೂ ಆಳಕ್ಕೆ ಅಗೆಯುವುದಕ್ಕಿಂತ ಹತ್ತೊಂಬತ್ತನ್ನೂ ಎರಡು ಆಯ್ಕೆ ತೆಗೆದುಹಾಕುವಷ್ಟು ತಿಳಿಯುವುದು ಈ ಪರೀಕ್ಷೆಗೆ ಹೆಚ್ಚು ಉಪಯೋಗ. ಸೈಕಿಯಾಟ್ರಿ, ಚರ್ಮ, ಮೂಳೆ, ಅನಸ್ತೀಸಿಯಾ, ಎರಡು ರೇಡಿಯೊ ಸೇರಿ 30 ಅಂಕ ಇದೆ. ಚಿಕ್ಕವು ಎಂದು ಬಿಟ್ಟವರು ಹೆರಿಗೆ ವಿಭಾಗದಷ್ಟನ್ನೇ ಬಿಟ್ಟ ಹಾಗೆ. ನೀಟ್ ಪಿಜಿಗೆ ಓದುತ್ತಿರುವ ಗೆಳೆಯನ ಪಟ್ಟಿಯನ್ನು ಮಾತ್ರ ನಕಲು ಮಾಡಬೇಡಿ. ಅಲ್ಲಿ ತಪ್ಪಿಗೆ ಅಂಕ ಕಳೆಯುತ್ತಾರೆ, ರ್ಯಾಂಕಿಗೆ ಪೈಪೋಟಿ ಇದೆ, ಆಟವೇ ಬೇರೆ.

ಇಷ್ಟೆಲ್ಲ ಓದಿನ ಮಾತಾಯಿತು. ಕಾಗದಪತ್ರದಲ್ಲಿ ಎಡವಿದರೆ ಓದು ಕೆಲಸಕ್ಕೆ ಬಾರದು. 2021ರ ನವೆಂಬರ್ 18ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮದ ಪ್ರಕಾರ, ಅದರ ನಂತರ ವಿದೇಶಕ್ಕೆ ಹೋದವರ ಕೋರ್ಸ್ ಕನಿಷ್ಠ 54 ತಿಂಗಳಿನದಾಗಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು, ಪಾಠ ಇಂಗ್ಲಿಷಿನಲ್ಲಿರಬೇಕು, ಆ ದೇಶದಲ್ಲೇ ವೈದ್ಯನಾಗಿ ಕೆಲಸ ಮಾಡಲು ಅರ್ಹತೆ ಕೊಡುವ ಪದವಿಯಾಗಿರಬೇಕು. ಹೋಗುವ ಮೊದಲು ನೀಟ್ ಅರ್ಹತೆಯೂ ಬೇಕು. ಈಗ ಪಿಯುಸಿಯಲ್ಲಿರುವ ತಮ್ಮ-ತಂಗಿಯರು ಇದ್ದರೆ ಏಜೆಂಟನ ಬಣ್ಣದ ಪುಸ್ತಿಕೆಗಿಂತ ಮೊದಲು ಈ ಶರತ್ತುಗಳನ್ನು ಓದಲಿ. ಪದವಿ ಪ್ರಮಾಣಪತ್ರಕ್ಕೆ ಆ ದೇಶದ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಅಥವಾ ಅಪೊಸ್ಟಿಲ್ ಮುದ್ರೆ ಇರಬೇಕು. ಊರಿಗೆ ವಿಮಾನ ಹತ್ತುವ ಮೊದಲೇ ಹಾಕಿಸಿಕೊಂಡು ಬನ್ನಿ, ಇಲ್ಲಿಂದ ಓಡಾಡುವುದು ಕಷ್ಟ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಪೋರ್ಟ್, ಪದವಿ ಪತ್ರ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ನಮ್ಮ ಕಡೆ ಒಂದರಲ್ಲಿ ಅಪ್ಪನ ಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಬರೇ ಇನಿಷಿಯಲ್ ಇರುವುದು ಮಾಮೂಲು.

ನೆಕ್ಸ್ಟ್ ಎಂಬ ಹೊಸ ಪರೀಕ್ಷೆ ಬರುತ್ತದಂತೆ, ಓದು ಬದಲಾಗುತ್ತದಂತೆ ಎಂದು ಹೆದರಿಸುವವರು ಸಿಗುತ್ತಾರೆ. ದೇಶದೊಳಗೆ ಓದಿದವರಿಗೂ ಹೊರಗೆ ಓದಿದವರಿಗೂ ಒಂದೇ ಪರೀಕ್ಷೆ ಎಂದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಿದೆ. 2023ರಲ್ಲಿ ಅದರ ನಿಯಮಾವಳಿ ಬಂತು, ಅದೇ ವರ್ಷ ಮುಂದಕ್ಕೂ ಹೋಯಿತು. ಸದ್ಯಕ್ಕೆ ನಿಮ್ಮ ಎದುರಿಗಿರುವುದು ಎಫ್‌ಎಂಜಿಇ. ರೋಗಿಯನ್ನು ಮುಂದಿಟ್ಟುಕೊಂಡು ಓದಿದವನಿಗೆ ಪರೀಕ್ಷೆಯ ಹೆಸರು ಬದಲಾದರೆ ಹೆಚ್ಚಿನ ನಷ್ಟವಿಲ್ಲ.

ಪಾಸಾಗುವವರೆಗೆ ಏನು ಮಾಡಬಾರದು ಎಂಬುದನ್ನು ಅಪ್ಪ-ಅವ್ವನಿಗೂ ಸೇರಿಸಿ ಹೇಳುತ್ತೇನೆ. ಓಣಿಯವರು ಜ್ವರ ಅಂತ ಬಂದರೆ ಇಂಜೆಕ್ಷನ್ ಕೊಡಬಾರದು. ಪರಿಚಯದ ಡಾಕ್ಟರ ದವಾಖಾನೆಯಲ್ಲಿ ಅವರಿಲ್ಲದಾಗ ಕುರ್ಚಿಯ ಮೇಲೆ ಕೂತು ಚೀಟಿ ಬರೆಯಬಾರದು. ನೋಂದಣಿಯಿಲ್ಲದೆ ವೈದ್ಯ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಎರಡೂ ಆಗಬಹುದು ಎಂದು ಅದೇ 2019ರ ಕಾಯ್ದೆ ಹೇಳುತ್ತದೆ. ವೈದ್ಯಾಧಿಕಾರಿಯ ಒಪ್ಪಿಗೆ ಕೇಳಿ, ಕೈ ಹಚ್ಚದೆ, ಪಕ್ಕದಲ್ಲಿ ನಿಂತು ನೋಡುವುದಕ್ಕೆ ಅಡ್ಡಿಯಿಲ್ಲ, ಅದನ್ನು ಧಾರಾಳವಾಗಿ ಮಾಡಿ. ದುಡ್ಡು ಕೊಟ್ಟರೆ ಪಾಸು ಮಾಡಿಸುತ್ತೇವೆ, ಪರೀಕ್ಷೆ ಬರೆಯದೇ ಬೇರೆ ರಾಜ್ಯದಲ್ಲಿ ನೋಂದಣಿ ಮಾಡಿಸುತ್ತೇವೆ ಎಂದು ಫೋನ್ ಮಾಡುವವರೂ ಇದ್ದಾರೆ. ಹಾಗೆ ಪಾಸಾಗದೇ ನೋಂದಣಿ ಪಡೆದ ಆರೋಪದ ಮೇಲೆ 73 ವಿದೇಶಿ ಪದವೀಧರರು ಹಾಗೂ 14 ರಾಜ್ಯ ವೈದ್ಯಕೀಯ ಪರಿಷತ್ತುಗಳ ಮೇಲೆ ಸಿಬಿಐ 2022ರ ಡಿಸೆಂಬರಿನಲ್ಲಿ ಪ್ರಕರಣ ದಾಖಲಿಸಿ ದೇಶದ ಹಲವು ಕಡೆ ಶೋಧ ನಡೆಸಿತು. ಫೋನ್ ಇಟ್ಟುಬಿಡಿ.

ಫಲಿತಾಂಶ ಬಂದ ಮೇಲೆ ಕೆಲಸ ಚುರುಕಾಗಬೇಕು. ಮೂಲ ದಾಖಲೆಗಳ ಪರಿಶೀಲನೆಯಾಗಿ ಮಂಡಳಿಯಿಂದ ಪಾಸ್ ಪ್ರಮಾಣಪತ್ರ ಸಿಕ್ಕಿದ ಮೇಲೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ. ಆಮೇಲೆ ಇಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಒಂದು ವೈದ್ಯಕೀಯ ಕಾಲೇಜು ತನ್ನ ಒಟ್ಟು ಸೀಟಿನ ಶೇಕಡ 7.5ರಷ್ಟು ಮಾತ್ರ ವಿದೇಶಿ ಪದವೀಧರರನ್ನು ತೆಗೆದುಕೊಳ್ಳಬಹುದು. 150 ಸೀಟಿನ ಕಾಲೇಜೆಂದರೆ ಹನ್ನೊಂದು ಜನ. ಆದ್ದರಿಂದ ಫಲಿತಾಂಶದ ವಾರವೇ ಅರ್ಜಿಯ ಕಡೆ ಗಮನ ಕೊಡಿ. ಈ ಇಂಟರ್ನ್‌ಶಿಪ್‌ಗೆ ಕಾಲೇಜು ನಿಮ್ಮಿಂದ ಶುಲ್ಕ ಪಡೆಯಬಾರದು, ಇಲ್ಲಿನ ವಿದ್ಯಾರ್ಥಿಗಳಿಗೆ ಕೊಡುವಷ್ಟೇ ಸ್ಟೈಪೆಂಡ್ ನಿಮಗೂ ಕೊಡಬೇಕು ಎಂದು ಆಯೋಗ 2022ರ ಮಾರ್ಚ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಅದರ ಪ್ರತಿ ಜೊತೆಗಿರಲಿ. ಕೋವಿಡ್ ಅಥವಾ ಯುದ್ಧದ ಕಾಲದಲ್ಲಿ ಸ್ವಲ್ಪ ಭಾಗ ಆನ್‌ಲೈನ್ ಓದಿದವರಿಗೆ ಇಂಟರ್ನ್‌ಶಿಪ್ ಅವಧಿ ಹೆಚ್ಚಾಗಬಹುದು, ಹಾಜರಾತಿ ಪತ್ರಗಳನ್ನು ಜೋಪಾನ ಮಾಡಿ. ಹನ್ನೆರಡು ತಿಂಗಳಲ್ಲಿ ಹನ್ನೆರಡು ವಾರ ಕಮ್ಯುನಿಟಿ ಮೆಡಿಸಿನ್ ಪಾಳಿ, ಬೇರೆ ಯಾವ ವಿಭಾಗಕ್ಕೂ ಇಷ್ಟು ದಿನ ಇಲ್ಲ. ಅದು ಮುಗಿದು ಕಾಯಂ ನೋಂದಣಿ ಸಂಖ್ಯೆ ಬಂದ ದಿನದಿಂದ ನೀವು ಬರೆಯುವ ಪ್ರತಿ ಚೀಟಿ, ಪ್ರಮಾಣಪತ್ರ, ರಸೀದಿಯ ಮೇಲೂ ಆ ಸಂಖ್ಯೆ ಇರಲೇಬೇಕು.